ದೆವ್ವ ರಾತ್ರಿಯೇ ಏಕೆ ಹಾಡುತ್ತದೆ

ಬೆಂಕಿಯ ಕಾವಿನಲ್ಲಿ ಬೇಯಿಸಿ ಒಣಗಿಸಿದ ಹೊಗೆಸೊಪ್ಪಿನ ಘಾಟು ಮೂಗಿಗೆ ಬಡಿದರೆ ಈಗಲೂ ನನಗೆ ದೆವ್ವದ ಸಿನಿಮಾ ನೆನಪಾಗುತ್ತದೆ.

ಬೆಟ್ಟದಪುರದ ನಮ್ಮ ಜಗುಲಿಯಲ್ಲಿ ಆ ಮಧ್ಯಾಹ್ನ ಮನೆಮಂದಿಯೆಲ್ಲ ಅಂಟು ಬೆರಳುಗಳಲ್ಲಿ ಸೊಪ್ಪು ವಿಂಗಡಿಸುತ್ತ ಟಿ.ವಿ. ನೋಡುತ್ತಿದ್ದೆವು. ಹಳೆಯ ಚಿತ್ರ. ಬಿಳಿ ಸೀರೆಯ ದೆವ್ವವೊಂದು ಕತ್ತಲಲ್ಲಿ ಹಾಡುತ್ತ ಸುತ್ತುತ್ತಿತ್ತು.

"ರಾತ್ರಿ ಹೊತ್ತೇ ಯಾಕೆ ಹಾಡ್ತದೆ?" ಎಂದೆ.

"ಎದ್ರಸಕ್ಕೆ ಕಣ್ಲಾ," ಎಂದರು ಚಿಕ್ಕಪ್ಪ.

ಅವ್ವ ಸೊಪ್ಪಿನಿಂದ ಕಣ್ಣೆತ್ತದೆ ಹೇಳಿದಳು: "ಅದು ಯಾರ್ದೋ ಮನೆ ಸೊಸೆ ಇರ್ಬೇಕು. ಹಗಲೆಲ್ಲ ಗೇಯೋಳ್ಗೆ ಹಾಡಕ್ಕೆ ಇನ್ಯಾವಾಗ ಪುರುಸೊತ್ತು?"

ಚಿಕ್ಕಪ್ಪ ನಗು ನುಂಗಿಕೊಂಡು ಅಜ್ಜಿಯ ಮುಖ ನೋಡಿದರು. ಅವ್ವನ ಅತ್ತೆಯಾದ ಅಜ್ಜಿ ಎದ್ದು ಹೋಗಿ ಟಿ.ವಿ.ಯ ಸದ್ದನ್ನು ಪೂರಾ ತಗ್ಗಿಸಿದಳು.

"ನಮ್ಮನೇಲಿ ದೆವ್ವ ಬ್ಯಾಡ ಕಣವ್ವ. ಈಗ್ಲೇ ಒಂದು ಹಾಡೇಳು," ಎಂದಳು ಅವ್ವನಿಗೆ.

ಟಿ.ವಿ.ಯಲ್ಲಿ ದೆವ್ವ ಸದ್ದಿಲ್ಲದೆ ತುಟಿ ಆಡಿಸುತ್ತಿತ್ತು. ಜಗುಲಿಯಲ್ಲಿ ಅವ್ವ ಹಾಡುತ್ತಿದ್ದಳು.