ನಡುನೀರು

"ಯಾರೂ ಅಲ್ಲಾಡಬೇಡಿ, ಇಲ್ಲಿ ಆಳ," ಎಂದು ಅಂಬಿಗ ದಿನದ ಅಭ್ಯಾಸದಂತೆ ಎಚ್ಚರಿಸಿದ. ಅಷ್ಟರಲ್ಲೇ ದೋಣಿ ಕೆಸರಿಗೆ ಕಚ್ಚಿಕೊಂಡು ನಿಂತಿತು. ಬಿದಿರಿನ ಗಳ ಊರಿ ನೂಕಿದ, ಜಗ್ಗಲಿಲ್ಲ. ಪ್ಯಾಂಟು ಮಡಚಿಕೊಂಡು ಇಳಿದ. ನೀರು ಅವನ ಮೊಣಕಾಲು ದಾಟಲಿಲ್ಲ.

ದೋಣಿಯಲ್ಲಿದ್ದ ಮೂವರು ಹೆಂಗಸರೂ ಮಿಸುಕಲಿಲ್ಲ. ಟೈಲರಮ್ಮ ಮಡಿಲಲ್ಲಿದ್ದ ಬಟ್ಟೆಗಂಟು ನೋಡಿದಳು, ನರ್ಸಮ್ಮ ಆಕಾಶ ನೋಡಿದಳು. ಇಳಿದು ನಡೆದರೆ ದೋಣಿಗಿಂತ ಬೇಗ ಊರು ಸೇರಬಹುದೆಂದು ಎಲ್ಲರಿಗೂ ಗೊತ್ತು. ಆದರೆ, "ಜನ ಇಳಿದು ನಡೆದ ದಿನ ದೋಣೀನ ದಡಕ್ಕೆ ಕಟ್ಟಿಬಿಡ್ತೀನಿ, ಮತ್ತೆ ಬಿಚ್ಚಲ್ಲ" ಅಂತ ಅಂಬಿಗ ಊರಿಗೆಲ್ಲ ಸಾರಿದ್ದ. ಆ ಪಾಪ ಯಾರು ಕಟ್ಟಿಕೊಳ್ಳುತ್ತಾರೆ?

"ಊರು ಹುಟ್ಟೋಕೆ ಮುಂಚಿನ ಕೆರೆ ಇದು," ಅಂದ ಅಂಬಿಗ, ತಳ್ಳುತ್ತಾ. "ನಮ್ಮ ತಾತನ ಕಾಲದಲ್ಲಿ ಇದರ ಬಾಯಿ ಸಮುದ್ರಕ್ಕೆ ತೆರೆದಿತ್ತು, ಅಲ್ಲಿಂದ ಹಡಗು ಬರ್ತಿತ್ತು. ಈ ಗಳ ತಳ ಮುಟ್ತಿರಲಿಲ್ಲ."

"ಆಮೇಲೆ ಸಮುದ್ರ ಮರಳು ತಂದು ಕೆರೆ ಬಾಯಿ ಮುಚ್ಚಿತು," ಎಂದು ಹಿಂದೆ ಕೂತಿದ್ದ ಅವನ ಹೆಂಡತಿ ಮುಂದುವರಿಸಿದಳು. ಕಥೆ ಅವಳಿಗೆ ಬಾಯಿಪಾಠ. "ಮೇಲೆ, ಇದಕ್ಕೆ ನೀರು ತರೋ ನದಿಗೆ ಅಣೆಕಟ್ಟು ಕಟ್ಟಿ ನಾವು ಇದರ ಮೂಗೂ ಹಿಡಿದ್ವಿ. ಉಳಿದಿದ್ದಕ್ಕೆ ಮನೆ ಕಟ್ಟೋರು ಮಣ್ಣು ಸುರಿದ್ರು. ಮುಗೀತಲ್ಲ? ಇವತ್ತು ಐಸ್ ಫ್ಯಾಕ್ಟರಿಗೆ ಹೋಗಿ ಕೇಳ್ಕೊಂಡು ಬಂದೆ. ನಾಳೆ ನೀವು ಬರದಿದ್ರೆ ವಾಚ್‌ಮನ್ ಕೆಲಸ ಬೇರೆಯವರಿಗಂತೆ."

"ಸಮುದ್ರ ಮುಚ್ಚಿದ್ದನ್ನ ಸಮುದ್ರವೇ ತೆರೆಯುತ್ತೆ ಕಣೇ. ಒಂದು ದೊಡ್ಡ ಅಲೆ ಸಾಕು."

"ಹೌದೌದು, ನಿಮ್ಮನ್ನ ಕೇಳ್ಕೊಂಡೇ ಬರುತ್ತೆ!"

ನರ್ಸಮ್ಮ ಕಿಸಕ್ಕನೆ ನಕ್ಕಳು. ಅಂಬಿಗನೂ ನಗಲು ಹೋದ, ಕೆಮ್ಮು ಬಂತು. ಹಟಕ್ಕೆ ಬಿದ್ದವನಂತೆ ಭುಜ ಕೊಟ್ಟು ತಳ್ಳಿದ. ಕತ್ತಿನ ನರ ಉಬ್ಬಿತು, ಮುಖ ಕಪ್ಪಿಟ್ಟಿತು. ಚಪ್ಪಲಿ ಬಿಚ್ಚಿಟ್ಟು ಹೆಂಡತಿ ನೀರಿಗೆ ಇಳಿದೇಬಿಟ್ಟಳು.

ಅಂಬಿಗ ಹೌಹಾರಿದ. "ಏನೇ ಇದು, ನೀನೇ ಇಳಿದುಬಿಟ್ಯಾ?"

"ನಡೆಯೋಕೆ ಇಳಿದಿಲ್ಲ ರೀ. ತಳ್ಳೋಕೆ ಇಳಿದೆ."

"ನಾನೂ ತಳ್ಳೋಕೇ ಅಣ್ಣಾ," ಎಂದು ಟೈಲರಮ್ಮ ಇಳಿದಳು. ಹಿಂದೆಯೇ ನರ್ಸಮ್ಮನೂ ಇಳಿದಳು.

ಅವಳ ಕಾಲು ನೀರಿಗೆ ಬಿದ್ದದ್ದೇ ತಡ, ದೋಣಿ ತಾನಾಗಿ ಮೇಲೆದ್ದು ತೇಲಿತು. ಈಗ ಒಂದು ಬೆರಳು ಸಾಕಿತ್ತು. ಆದರೂ ಮೂವರೂ ಎರಡೂ ಕೈ ಇಟ್ಟು, "ಹಾಂ, ಇನ್ನೊಂಚೂರು, ಬಿಡಬೇಡಿ," ಎನ್ನುತ್ತಾ ಊರಿನ ದಡದವರೆಗೂ ತಳ್ಳಿದರು. ದೋಣಿ ಹಗುರಾದದ್ದು ಅಂಬಿಗನ ಕೈಗೆ ತಿಳಿದುಹೋಗಿತ್ತು. ಅವನು ದೋಣಿಯನ್ನು ಹಿಂದೆ ಮುಂದೆ ಎರಡೂ ಕಡೆ ಬಿಗಿದು ಕಟ್ಟಿದ. ಬೆನ್ನು ತಿರುಗಿಸಿ ನಿಂತು ಕಣ್ಣೊರೆಸಿಕೊಂಡ. ಹೆಂಡತಿ ಅಂದು ಮತ್ತೆ ಐಸ್ ಫ್ಯಾಕ್ಟರಿಯ ಮಾತೆತ್ತಲಿಲ್ಲ.

ಬೆಳಿಗ್ಗೆ ಅವನೇ ಹೊರಟ. ಫ್ಯಾಕ್ಟರಿ ಇದ್ದದ್ದು ಆಚೆ ದಡದಲ್ಲಿ. ಬರಿಗೈಯಲ್ಲಿ ನೀರಿಗೆ ಇಳಿಯಲು ಮನಸ್ಸಾಗದೆ ಗಳ ತೆಗೆದುಕೊಂಡ. ಅವನ ಹಿಂದೆ ಟೈಲರಮ್ಮ, ನರ್ಸಮ್ಮ ಚಪ್ಪಲಿ ಕೈಯಲ್ಲಿ ಹಿಡಿದು, ದೋಣಿಯಲ್ಲಿ ಕೂರುತ್ತಿದ್ದ ಸಾಲಿನಲ್ಲೇ ನಡೆದರು. ನಡುನೀರು ಬಂದಾಗ ಅಂಬಿಗ ಗಳ ಊರಿ ನಿಂತ.

"ಯಾರೂ ಅಲ್ಲಾಡಬೇಡಿ," ಅಂದ, ತಿರುಗಿ ನೋಡದೆ. "ಇಲ್ಲಿ ಆಳ."

ಮೊಣಕಾಲುದ್ದದ ನೀರಿನಲ್ಲಿ ಇಬ್ಬರೂ ಅಲ್ಲಾಡದೆ ನಿಂತರು.