ಬಲಮಗ್ಗುಲು

"ಇದನ್ನ ನೋಡೋಕೆ ನಾನು ಲಂಡನ್ನಿಂದ ಬರಬೇಕಿತ್ತಾ?" ಚಿತ್ರಗಳ ಅಸಲಿ-ನಕಲಿ ಪರೀಕ್ಷಿಸುವ ಕ್ರಾಂಪ್ಟನ್, ಅಡುಗೆಮನೆಯ ಗೋಡೆಯ ತೈಲಚಿತ್ರಕ್ಕೆ ಭೂತಗನ್ನಡಿ ಹಿಡಿದು ಮೂಗು ಮುರಿದ.

ಸಫೊಕ್ ಸೀಮೆಯ ಕೊಟ್ಟಿಗೆ, ಕೆಂಪು ಹಸು, ಹಾಲು ಕರೆಯುವ ಹುಡುಗಿ. ಆ ಹುಡುಗಿ ತಾನೇ, ನಲವತ್ತು ವರ್ಷದ ಹಿಂದೆ ಒಂದು ಬೇಸಿಗೆ ಇಲ್ಲಿ ತಂಗಿದ್ದ ಚಿತ್ರಕಾರ ವಿಂಟರ್ಬಿ ಬರೆದದ್ದು ಎನ್ನುತ್ತಿದ್ದಳು ಮುದುಕಿ ಥಿರ್ಜಾ. ವಿಂಟರ್ಬಿ ಸತ್ತ ಮೇಲೆ ದೊಡ್ಡ ಹೆಸರಾಗಿದ್ದ. ಮೊನ್ನೆ ಥಿರ್ಜಾಳ ಅಣ್ಣನೂ ಸತ್ತು, ಮನೆಯ ಸಾಮಾನೆಲ್ಲ ಅವನ ಮಗ ಜೇಬೆಜ್‌ನ ಪಾಲಿಗೆ ಬಂದಿತ್ತು. ಇವನು ಇಪ್ಸ್‌ವಿಚ್ ಪೇಟೆಯ ಬಟ್ಟೆ ಅಂಗಡಿಯವನು. ಸೋದರತ್ತೆಯ ಹೊಸಿಲು ತುಳಿದದ್ದು ಇದು ಎರಡನೇ ಸಲ.

"ಅಸಲಿಯಾದ್ರೆ ಹರಾಜಿಗೆ. ನಕಲಿಯಾದ್ರೆ ನೀವೇ ಇಟ್ಕೊಳ್ಳಿ ಅತ್ತೆ," ಎಂದಿದ್ದ.

ಅಂದಿನಿಂದ ಥಿರ್ಜಾಳಿಗೆ ಊಟ ಸೇರಿರಲಿಲ್ಲ. ಆ ಒಂದು ಬೇಸಿಗೆ ಬಿಟ್ಟರೆ ಅವಳ ಬದುಕಿನಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ.

ಅವಳು ಚಹಾ ಬಗ್ಗಿಸಿದಳು. ಅರ್ಧ ತಟ್ಟೆಗೇ ಹೋಯಿತು. ಬ್ರೆಡ್ ಕೊಯ್ದಳು. ಹೋಳು ಒಂದು ಕಡೆ ಇಟ್ಟಿಗೆ, ಇನ್ನೊಂದು ಕಡೆ ಕಾಗದ.

"ಈ ಕೈಯಲ್ಲಿ ಅರವತ್ತು ವರ್ಷ ಹೇಗಮ್ಮಾ ಉಂಡ್ರಿ?" ಎಂದ ಕ್ರಾಂಪ್ಟನ್. ಜೇಬೆಜ್ ನಕ್ಕ. ದೊಡ್ಡವರ ಜತೆ ನಕ್ಕರೆ ತಾನೂ ದೊಡ್ಡವನೆಂದು ಅವನ ನಂಬಿಕೆ.

ಕ್ರಾಂಪ್ಟನ್ ಹಸುವಿನ ಮೇಲೆ ಬೆರಳಿಟ್ಟ. "ಇಲ್ನೋಡಿ. ಹುಡುಗಿ ಹಸುವಿನ ಎಡಮಗ್ಗುಲಿಗೆ ಕೂತಿದ್ದಾಳೆ. ಈ ದೇಶದಲ್ಲಿ ಯಾರ್ರೀ ಎಡಕ್ಕೆ ಕೂತು ಹಾಲು ಕರೀತಾರೆ? ವಿಂಟರ್ಬಿ ರೈತನ ಮಗ, ಕಣ್ಣಾರೆ ಕಂಡದ್ದನ್ನೇ ಬರೀತಿದ್ದ. ಇದು ಯಾವನೋ ಪೇಟೆ ದಡ್ಡನ ಕೆಲಸ. ಏನಮ್ಮಾ, ನಾನು ಹೇಳಿದ್ದು ತಪ್ಪಾ?"

"ತಪ್ಪೇನಿಲ್ಲ ಸಾಹೇಬ್ರೇ. ಈ ಊರಲ್ಲಿ ಬಲಕ್ಕೇ ಕೂರೋದು. ಎಡಕ್ಕೆ ಕೂತ್ರೆ ನಮ್ಮಮ್ಮ ಬೆನ್ನಿಗೆ ಬಿಡ್ತಿದ್ಲು."

"ಹಾಗಾದ್ರೆ ನಲವತ್ತು ವರ್ಷ ಊರಿಗೆಲ್ಲ ಸುಳ್ಳು ಹೇಳ್ಕೊಂಡು ಬಂದ್ರಿ."

ಥಿರ್ಜಾ ತಲೆ ತಗ್ಗಿಸಿದಳು. "ವಯಸ್ಸಾಯ್ತು ಸಾಹೇಬ್ರೇ."

ಕ್ರಾಂಪ್ಟನ್ ಚಿತ್ರದ ಬೆನ್ನಿಗೆ ಸೀಮೆಸುಣ್ಣದಲ್ಲಿ 'ನಕಲಿ' ಎಂದು ಗೀಚಿದ. "ನನ್ನ ಮಾನ ಕಳೆದ್ರಿ ಅತ್ತೆ," ಎಂದು ಜೇಬೆಜ್ ಟೋಪಿ ಎತ್ತಿಕೊಂಡ. ಇಬ್ಬರೂ ಗಾಡಿ ಹತ್ತಿದರು.

ಗಾಡಿ ತಿರುವು ದಾಟುವವರೆಗೂ ಥಿರ್ಜಾ ಬಾಗಿಲಲ್ಲೇ ನಿಂತಿದ್ದಳು. ಒಳಗೆ ಬಂದು ಚಿತ್ರವನ್ನು ಮತ್ತೆ ಮೊಳೆಗೆ ತೂಗುಹಾಕಿದಳು. ಹಸಿವಾಗಿತ್ತು. ಚಾಕುವನ್ನು ಎಡಗೈಗೆ ಬದಲಿಸಿ ಹಿಡಿದು ಬ್ರೆಡ್ ಕೊಯ್ದಳು. ಹೋಳು ತೆಳ್ಳಗೆ, ಅಳೆದಂತೆ ಬಿತ್ತು.

ಆಮೇಲೆ ಬಕೆಟ್ಟು, ಮಣೆ ಎತ್ತಿಕೊಂಡು ಕೊಟ್ಟಿಗೆಗೆ ಹೋಗಿ, ಎಂದಿನಂತೆ ಹಸುವಿನ ಎಡಮಗ್ಗುಲಿಗೆ ಕೂತಳು.