ಉಪ್ಪಿಲ್ಲದ ಭಜಿ

ಬಯಾಪ್ಸಿಗೆಂದು ತೆಗೆದ ಕರುಳಿನ ಚೂರನ್ನು ಆಸ್ಪತ್ರೆಯವರು ಸೀಸೆಯಲ್ಲಿ ಜೀವಂತವಾಗಿ ಮನೆಗೆ ಕಳಿಸುತ್ತಿದ್ದ ಕಾಲವದು. ಹೊಟ್ಟೆಯೊಳಗಿನ ಕರುಳಿನಂತೆಯೇ ಅದೂ ಕೆಂಪೇರುತ್ತಿತ್ತು, ಮಾಯುತ್ತಿತ್ತು. ಗದಗಿನ ಚನ್ನಬಸವ್ವ ಏನನ್ನೇ ತಿನ್ನುವ ಮೊದಲು ಸೀಸೆಗೊಂದು ತೊಟ್ಟು ಉಣಿಸಿ, ಚೂರು ಕೆಂಪೇರದಿದ್ದರೆ ಮಾತ್ರ ತಿನ್ನುತ್ತಿದ್ದಳು. ದಿನವೂ ಮಿರ್ಚಿ ಭಜಿ ಕರಿದು ಮಾರುವ ಅವಳು, ಕರುಳಿನ ಉರಿಯೂತದಿಂದಾಗಿ ಒಮ್ಮೆಯೂ ಅದರ ರುಚಿ ನೋಡಿರಲಿಲ್ಲ.

ಅಂದು ಸಂಜೆ ಗಂಡ ಈರಪ್ಪ ಒಂದಿಷ್ಟು ಭಜಿ ಅರೆದು ಸೀಸೆಗೆ ಹಾಕಿದ. ಇಬ್ಬರೂ ಸೀಸೆಯನ್ನೇ ನೋಡುತ್ತ ಕಾದರು. ಚೂರು ತಿಳಿ ಗುಲಾಬಿಯಾಗಿಯೇ ಉಳಿಯಿತು.

"ಕರುಳು ಮಾಯ್ದೈತಿ, ತಿನ್ನು!" ಎಂದ ಈರಪ್ಪ.

ಚನ್ನಬಸವ್ವ ಕಚ್ಚಿದಳು. ಕಣ್ಣಲ್ಲಿ ನೀರಾಡಿತು.

"ಯಾಕ, ಖಾರ ಹತ್ತಿತೇನ?"

"ಖಾರ ಅಲ್ರೀ, ಉಪ್ಪೇ ಇಲ್ಲ! ಇಷ್ಟು ವರ್ಷ ಯಾರೂ ಹೇಳಲಿಲ್ಲಲ್ಲ?"

"ನಿನ್ನ ಮನಸಿಗೆ ಯಾಕ ನೋವು ಅಂತ, ಮಂದಿ ಕಿಸೆದಾಗ ಉಪ್ಪು ಇಟಗೊಂಡ ಬರ್ತಾರ."

ಚನ್ನಬಸವ್ವ ನಗುತ್ತಲೇ ಇನ್ನೊಂದು ಭಜಿಗೆ ಕೈಹಾಕಿದಳು.